ಮೀಟರ್ ನೋಡ್ತಾ ನಿಂತಾಗ

ಪೆಟ್ರೋಲ್ ಹಾಕಿಸುವಾಗ ಮೀಟರ್‌ನಲ್ಲಿ ಎರಡು ಅಂಕಿ ಓಡುತ್ತವೆ ಅಲ್ವಾ? ಲೀಟರ್ ಆಮೆ, ದುಡ್ಡು ಮೊಲ. ನನ್ನ ಕಣ್ಣು ಯಾವಾಗಲೂ ಮೊಲದ ಮೇಲೇ.

"ಕಚ್ಚಾ ತೈಲ ಇಳಿದಿದೆಯಂತೆ, ಇಲ್ಲಿ ಯಾಕೆ ಇಳಿದಿಲ್ಲ?" ಅಂತ ಹಿಂದೆ ನಿಂತಿದ್ದವರು ಗೊಣಗಿದರು. ನ್ಯಾಯವಾದ ಪ್ರಶ್ನೆಯೇ. ಒಂದು ಬ್ಯಾರೆಲ್ ಅಂದರೆ ಸುಮಾರು 159 ಲೀಟರ್. ಅದನ್ನು ಹಡಗಿನಲ್ಲಿ ತರಬೇಕು, ರಿಫೈನರಿಯಲ್ಲಿ ಕಾಯಿಸಿ ಬೇರ್ಪಡಿಸಬೇಕು, ಟ್ಯಾಂಕರ್‌ಗೆ ತುಂಬಬೇಕು. ಅಂದರೆ ಇವತ್ತು ಗಾಡಿಗೆ ಬಿದ್ದದ್ದು ವಾರಗಳ ಹಿಂದೆ ಕೊಂಡ ಎಣ್ಣೆ. ಮೇಲೆ ತೆರಿಗೆ ಬೇರೆ. ಅದು ಲೀಟರ್‌ಗೆ ಇಷ್ಟು ಅಂತ ಇದ್ದರೆ, ಕಚ್ಚಾ ತೈಲ ಅರ್ಧಕ್ಕಿಳಿದರೂ ಅಲ್ಲಾಡುವುದಿಲ್ಲ.

2020ರ ಏಪ್ರಿಲ್ 20 ನೆನಪಿದೆಯಾ? ಲಾಕ್‌ಡೌನ್ ಕಾಲ. ಓಡಾಟವಿಲ್ಲ, ಎಣ್ಣೆ ತುಂಬಿಡಲು ಜಾಗವೂ ಇಲ್ಲ. ಅಮೆರಿಕದ ಕಚ್ಚಾ ತೈಲದ ವಾಯಿದೆ ಬೆಲೆ (ಮುಂದೆ ಕೊಡುವ ಎಣ್ಣೆಗೆ ಈಗಲೇ ಕುದುರಿಸುವ ಬೆಲೆ) ಬ್ಯಾರೆಲ್‌ಗೆ ಮೈನಸ್ 37.63 ಡಾಲರ್‌ಗೆ ಬಿತ್ತು. ತಗೊಂಡು ಹೋಗಿ ಮಾರಾಯ್ರೆ, ದುಡ್ಡು ನಾವೇ ಕೊಡ್ತೀವಿ ಅನ್ನೋ ಸ್ಥಿತಿ! ಆದರೂ ಬಂಕ್‌ನಲ್ಲಿ ಯಾರೂ ಪುಕ್ಕಟೆ ಹಾಕಲಿಲ್ಲ.

ಏರುವಾಗ ರಾಕೆಟ್, ಇಳಿಯುವಾಗ ಗರಿ ಅಂತಾರೆ ಅರ್ಥಶಾಸ್ತ್ರದವರು. ಏರಿದ್ದು ಬೇಗ ತಟ್ಟುತ್ತೆ, ಇಳಿದದ್ದು ತೇಲಾಡಿಕೊಂಡು ಬರುತ್ತೆ. ಸಾಗಾಟ, ತೆರಿಗೆ ಎಲ್ಲ ಒಪ್ಪಿದೆ. ಇದೊಂದು ಮಾತ್ರ ನನಗೆ ಇನ್ನೂ ಜೀರ್ಣವಾಗಿಲ್ಲ.

ಅಷ್ಟರಲ್ಲಿ ನನ್ನ ಸರದಿ ಬಂತು. ಪೈಪ್ ತೆಗೆಯುವಾಗ ಕೊನೆಯ ಎರಡು ಹನಿ ಒಳಗೇ ಬೀಳಲಿ ಅಂತ ಬಗ್ಗಿ ನೋಡಿದೆ.