ಗ್ರಿಫಿನ್‌ಗೆ ಕಾವಾಡಿ ಯಾರು?

ಕಳೆದ ಜುಲೈನ ಒಂದು ಭಾನುವಾರ. ಕುಶಾಲನಗರದ ಹತ್ತಿರ ಗೆಳೆಯನ ಮನೆಯಲ್ಲಿ ನಾವು ನಾಲ್ವರು ಡಂಜನ್ಸ್ ಅಂಡ್ ಡ್ರಾಗನ್ಸ್ ಆಡುತ್ತಾ ಕೂತಿದ್ದೆವು. ಒಬ್ಬ ಕತೆ ನಡೆಸಿ, ಉಳಿದವರು ಪಾತ್ರಗಳಾಗಿ ದಾಳ ಉರುಳಿಸುತ್ತಾ ಆಡುವ ಆಟ ಅದು. ಹೊರಗೆ ಬಿಡದ ಮಳೆ. ಕರೆಂಟ್ ಬೆಳಿಗ್ಗೆಯೇ ಹೋಗಿತ್ತು. ಕತೆ ನಡೆಸುವ ಕೆಲಸ ನನ್ನದು.

ಆಟದಲ್ಲಿ ಗೆಳೆಯರು ವ್ಯಾಪಾರಿಗಳು. ಕುದುರೆ ಗಾಡಿ ಹೋಗದ ಕಡೆ ಮೆಣಸಿನ ಮೂಟೆ ಸಾಗಿಸೋಕೆ ಒಂದು ಗ್ರಿಫಿನ್ ಕೊಂಡಿದ್ದರು. ಹದ್ದಿನ ತಲೆ, ಹದ್ದಿನ ರೆಕ್ಕೆ, ಸಿಂಹದ ಮೈ. ನಾನು ಆಟದ ನಿಯಮಗಳ ಪುಸ್ತಕಗಳನ್ನು ನೋಡಿ ಲೆಕ್ಕ ಹೇಳಿದೆ. ಒಂದು ಸರದಿಗೆ 80 ಅಡಿ ಹಾರುತ್ತದೆ. ಮೇವು ದಿನಕ್ಕೆ 10 ಪೌಂಡ್, ಅಂದರೆ ನಾಲ್ಕೂವರೆ ಕೆಜಿ. 2014ರ ಆ ಪುಸ್ತಕಗಳ ಬೆಲೆಪಟ್ಟಿಯಲ್ಲಿ ಮೇವಿಗೆ ಇರುವುದು ಇದೊಂದೇ ಲೆಕ್ಕ. 200 ಚಿನ್ನದ ನಾಣ್ಯದ ಆನೆಗೂ ಅದೇ.

ಜಗಲಿಯಲ್ಲಿದ್ದ ಗೆಳೆಯನ ಅಜ್ಜ ತಿರುಗಿ ನೋಡಿದರು. ಆನೆ ಶಿಬಿರದಲ್ಲಿ ಕಾವಾಡಿಯಾಗಿದ್ದವರು ಅವರು, ಅಂದರೆ ಮಾವುತನ ಜೊತೆಗಿದ್ದು ಆನೆಯನ್ನು ನೋಡಿಕೊಳ್ಳುವವರು.

"ಆನೆಗೆ ನಾಲ್ಕೂವರೆ ಕೆಜಿನಾ? ನೂರೈವತ್ತು ಕೆಜಿ ಸೊಪ್ಪು-ಹುಲ್ಲು ಬೇಕು ಮಗಾ. ಜೊತೆಗೆ ರಾಗಿಮುದ್ದೆ, ಬೆಲ್ಲ. ಅದಿರಲಿ, ನಿಮ್ಮ ಹಕ್ಕಿಗೆ ಕಾವಾಡಿ ಯಾರು?"

ನಮ್ಮಲ್ಲಿ ಉತ್ತರ ಇರಲಿಲ್ಲ. ಮೇಲೆ ಕೂರೋಕೆ ಮಾತ್ರ ಮೂವರೂ ತಯಾರಿದ್ದರು.

"ರಾತ್ರಿ ಎಲ್ಲಿ ಬಿಡ್ತೀರಿ?" ಅಂತ ಕೇಳಿದರು. ಆಮೇಲೆ ಅವರೇ ಹೇಳುತ್ತಾ ಹೋದರು. ಸಂಜೆ ಕಾಲಿಗೆ ಸರಪಳಿ ಹಾಕಿ ಆನೆಯನ್ನು ಕಾಡಿಗೆ ಬಿಡುತ್ತಾರೆ. ಅದು ಮೇಯುತ್ತದೆ, ತನ್ನವರ ಜೊತೆ ಸೇರುತ್ತದೆ. ಬೆಳಿಗ್ಗೆ ನೆಲದ ಮೇಲೆ ಸರಪಳಿ ಎಳೆದ ಗೆರೆ ಹಿಡಿದು ಹುಡುಕಿಕೊಂಡು ಹೋಗಬೇಕು. ಒಮ್ಮೊಮ್ಮೆ ಹತ್ತಿರದಲ್ಲೇ ಸಿಗುತ್ತದೆ. ಒಮ್ಮೊಮ್ಮೆ ಮಧ್ಯಾಹ್ನ ಆಗುತ್ತದೆ. "ರಾತ್ರಿ ಅದರದ್ದು. ಅದನ್ನ ನಾವು ಕೇಳಬಾರದು" ಅಂದರು.

ನಾವು ಆಟವನ್ನು ಮೊದಲಿಂದ ಶುರು ಮಾಡಿದೆವು. ಗ್ರಿಫಿನ್‌ಗೆ ಕುದುರೆ ಮಾಂಸ ಅಂದರೆ ಪ್ರಾಣ. ಇವರ ಗಾಡಿಗೆ ಕಟ್ಟಿದ್ದೂ ಕುದುರೆಯೇ! ಅದನ್ನು ಅಲ್ಲಿಯವರೆಗೆ ನಾನೂ ಸೇರಿ ಯಾರೂ ಯೋಚಿಸಿರಲಿಲ್ಲ. ಕುದುರೆಗಳನ್ನು ಮಾರಿ ಎತ್ತು ತಂದರು. ಗೆಳೆಯ ತನ್ನ ಬಿಲ್ಲುಗಾರನ ಪಾತ್ರ ಬಿಟ್ಟು ಕಾವಾಡಿಯಾದ. ಸಂಜೆ ಗ್ರಿಫಿನ್ ಬೆನ್ನಿನ ಹಗ್ಗ ಬಿಚ್ಚಿ, ರೆಕ್ಕೆ ಸಂದಿನ ಗಾಯಕ್ಕೆ ಎಣ್ಣೆ ಹಚ್ಚಿ, ಬೆಟ್ಟದ ಕಡೆ ಬಿಟ್ಟ. ಇಡೀ ಆಟದಲ್ಲಿ ನನಗೆ ಜಾಸ್ತಿ ಇಷ್ಟವಾದ ಗಳಿಗೆ ಅದು. ಯಾರೂ ಮಾತಾಡಲಿಲ್ಲ.

ಬೆಳಿಗ್ಗೆ ಹುಡುಕಬೇಕಲ್ವಾ? ಇಪ್ಪತ್ತು ಮುಖದ ದಾಳ ಉರುಳಿಸಿದ. ಬರೀ 4 ಬಿತ್ತು. ಬೆಟ್ಟವೆಲ್ಲ ಸುತ್ತಿದರೂ ಗ್ರಿಫಿನ್ ಸಿಗಲಿಲ್ಲ ಅಂತ ಹೇಳಿದೆ.

ಅಜ್ಜ ಆಗಲೇ ಎದ್ದು ನಮ್ಮ ಪಕ್ಕ ಬಂದು ಕೂತಿದ್ದರು.

"ಹೊಳೆ ಕಡೆ ನೋಡಿದ್ರಾ?" ಅಂದರು.