ಯಾರ್ಡೇಜ್ ಪುಸ್ತಕ: ಏಳನೇ ಗ್ರೀನಿನ ಗಂಟು ಬಿಚ್ಚಿತು

ಗಾಲ್ಫ್ ಕೋರ್ಸಿನ ಪ್ರತಿ ಹೋಲಿನ ದೂರ, ಇಳಿಜಾರು ಬರೆದಿಡುವ ಯಾರ್ಡೇಜ್ ಪುಸ್ತಕ ಮಾಡುತ್ತಿದ್ದೇನೆ. ಟೀ (ಮೊದಲ ಹೊಡೆತದ ಜಾಗ), ಫೇರ್‌ವೇ (ನಡುವಿನ ಹುಲ್ಲುಹಾದಿ), ಬಂಕರ್ (ಮರಳುಗುಂಡಿ) ದೂರಗಳೆಲ್ಲ ಪುಸ್ತಕಕ್ಕೆ ಬಂದಾಗಿದೆ. ದೂರ ಅಳೆಯುವ ಲೇಸರ್ ಕೈಯಲ್ಲಿದ್ದರೆ ಅದು ಸುಲಭದ ಕೆಲಸ. ಗ್ರೀನ್ (ಹೋಲ್ ಇರುವ ನುಣುಪು ಹುಲ್ಲಿನ ಭಾಗ) 30 ಗಜ ಆಳವಿದ್ದರೆ ಮುಂದಿನ ಪಿನ್ನಿಗೂ (ಹೋಲಿನ ಬಾವುಟ) ಹಿಂದಿನ ಪಿನ್ನಿಗೂ ಎರಡು ಕ್ಲಬ್ (ಹೊಡೆಯುವ ಕೋಲು) ವ್ಯತ್ಯಾಸ ಬೀಳುತ್ತದೆ. ಆದ್ದರಿಂದ ಪ್ರತಿ ಹೋಲಿಗೂ ಮುಂದು, ನಡು, ಹಿಂದು ಎಂದು ಮೂರು ಅಂಕಿ.

ತಲೆ ತಿಂದದ್ದು ಏಳನೇ ಗ್ರೀನ್. ಡಿಜಿಟಲ್ ಲೆವೆಲ್ ಎಡಭಾಗವನ್ನು 0.3% ಇಳಿಜಾರು, ಅಂದರೆ ಹೆಚ್ಚುಕಮ್ಮಿ ಸಪಾಟು ಎನ್ನುತ್ತದೆ. ಪಟ್ (ಗ್ರೀನಿನ ಮೇಲೆ ಚೆಂಡು ಉರುಳಿಸುವ ಹೊಡೆತ) ಮಾತ್ರ ಒಂದು ಕಡೆಯಿಂದ ಹೊಡೆದರೆ ಗಿಡ್ಡ, ಇನ್ನೊಂದು ಕಡೆಯಿಂದ ಹೊಡೆದರೆ ಹೋಲ್ ದಾಟಿ ಓಡುತ್ತದೆ. ಮೊದಲು ಅನುಮಾನ ಬಂದದ್ದು ಲೆವೆಲ್ ಮೇಲೆ. ಹುಲ್ಲಿನ ಮೇಲೆ ನೇರವಾಗಿ ಇಟ್ಟರೆ ಅದು ಸುಳ್ಳು ಹೇಳುತ್ತದೆ. ಎರಡು ಅಡಿಯ ನೇರ ಅಲ್ಯೂಮಿನಿಯಂ ಪಟ್ಟಿ ಹಾಸಿ, ಅದರ ಮೇಲಿಟ್ಟು ಓದಬೇಕು, ತಿರುಗಿಸಿಟ್ಟು ಮತ್ತೊಮ್ಮೆ ಓದಬೇಕು. ಹಾಗೆ ಮಾಡಿದರೂ 0.3ಕ್ಕೆ 0.3!

ಉತ್ತರ ಕೊಟ್ಟದ್ದು ಸ್ಟಿಂಪ್‌ಮೀಟರ್, ಅಂದರೆ ಚೆಂಡು ಎಷ್ಟು ಅಡಿ ಉರುಳುತ್ತದೆ ಎಂದು ನೋಡಿ ಗ್ರೀನಿನ ವೇಗ ಅಳೆಯುವ ಸಾಧನ. ಮೂರು ಚೆಂಡು ಒಂದು ದಿಕ್ಕಿಗೆ, ಅದೇ ಜಾಡಿನಲ್ಲಿ ಮೂರು ಚೆಂಡು ವಾಪಸ್. ಒಂದು ಕಡೆ 9 ಅಡಿ, ಇನ್ನೊಂದು ಕಡೆ 7. ಇಳಿಜಾರಿನ ಗ್ರೀನಿಗೆ ಬಳಸುವ ಬ್ರೀಡ್ ಸೂತ್ರದಂತೆ ಎರಡನ್ನೂ ಗುಣಿಸಿ, ಎರಡರಿಂದ ಗುಣಿಸಿ, ಮೊತ್ತದಿಂದ ಭಾಗಿಸಿದರೆ ವೇಗ ಸುಮಾರು 7.9 ಅಡಿ. ಈ ವೇಗದ ಗ್ರೀನಿನಲ್ಲಿ 0.3% ಇಳಿಜಾರು ಎರಡು ದಿಕ್ಕಿನ ನಡುವೆ ಅರ್ಧ ಅಡಿ ವ್ಯತ್ಯಾಸ ತರಬಹುದು, ಅಷ್ಟೇ. ಉಳಿದ ಒಂದೂವರೆ ಅಡಿ ಹುಲ್ಲಿನದು. ಬರ್ಮುಡಾ ಹುಲ್ಲಿನ ಗ್ರೀನಿನಲ್ಲಿ ಗ್ರೇನ್, ಅಂದರೆ ಹುಲ್ಲು ಬಾಗಿ ಬೆಳೆಯುವ ದಿಕ್ಕು, ಇಷ್ಟು ಆಟ ಆಡಿಸುತ್ತದೆ.

ಆಟದ ನಡುವೆ ಗ್ರೇನ್ ಹಿಡಿಯಲು ಹೋಲಿನ ಅಂಚಿಗೆ ಬಗ್ಗಿ ನೋಡಿ. ಒಂದು ಬದಿ ಚೂಪಾಗಿ ಕತ್ತರಿಸಿದಂತಿರುತ್ತದೆ, ಎದುರು ಬದಿ ಹರಿದು ಕಂದಾಗಿರುತ್ತದೆ. ಹುಲ್ಲು ಬಾಗಿರುವುದು ಹರಿದ ಬದಿಯ ಕಡೆಗೆ. ನಿಂತಲ್ಲಿಂದ ಗ್ರೀನ್ ಹೊಳೆದರೆ ಗ್ರೇನ್ ನಿಮ್ಮಿಂದ ಆಚೆಗೆ, ಚೆಂಡು ಓಡುತ್ತದೆ. ಕಪ್ಪಾಗಿ ಕಂಡರೆ ಎದುರಿಗೆ, ನಿಲ್ಲುತ್ತದೆ. ಪುಸ್ತಕದಲ್ಲಿ ಇಳಿಜಾರಿಗೆ ಒಂದು ಬಾಣ, ಗ್ರೇನಿಗೆ ಬೇರೆ ಬಣ್ಣದ ಇನ್ನೊಂದು ಬಾಣ. ಎರಡನ್ನೂ ಒಂದೇ ಬಾಣದಲ್ಲಿ ಸೇರಿಸಿದರೆ ಮಳೆಗಾಲ ಮುಗಿದು ಹುಲ್ಲು ಬದಲಾದಾಗ ಇಡೀ ಪುಟ ದಂಡ.

ಚೆಂಡು ಉರುಳಿಸುವುದೆಲ್ಲ ಕೋರ್ಸ್ ಮುಚ್ಚಿರುವ ದಿನ, ಗ್ರೀನ್‌ಕೀಪರ್ ಒಪ್ಪಿಗೆ ಪಡೆದೇ. ರೌಂಡಿನ ನಡುವೆ ಹಾಗೆ ಪರೀಕ್ಷೆ ಮಾಡಿದರೆ ನಿಯಮಭಂಗ. ಪುಸ್ತಕವೂ 4¼ × 7 ಇಂಚು ಮೀರಬಾರದು, ಗ್ರೀನಿನ ಚಿತ್ರ 1:480 ಅಳತೆಗಿಂತ ದೊಡ್ಡದಿರಬಾರದು. 30 ಗಜದ ಗ್ರೀನಿಗೆ ಎರಡೂಕಾಲು ಇಂಚು ಸಿಗುತ್ತದೆ. ಎರಡು ಬಾಣಕ್ಕೆ ಅದು ಧಾರಾಳ.

‘ವಾಟರ್‌ಪ್ರೂಫ್’ ಎಂದು ದುಬಾರಿಗೆ ಮಾರಿದ ಹಾಳೆಗಳ ಬಗ್ಗೆ ಹೇಳಲೇಬೇಕು. ಹಾಳೆ ನೆನೆಯುವುದಿಲ್ಲ, ಸರಿ. ಆದರೆ ಜಡಿಮಳೆಗೆ ಜೆಲ್ ಪೆನ್ನಿನ ಅಂಕಿಗಳೆಲ್ಲ ಹರಿದುಹೋದವು, ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. 2ಬಿ ಪೆನ್ಸಿಲ್ ಬಳಸಿ, ಅಳಿಸಿ ತಿದ್ದಲೂ ಅನುಕೂಲ.

ಮುಂದಿನದು ಗಾಳಿಯ ಪುಟ. ಬೆಂಗಳೂರಿನಲ್ಲಿ ಮುಂಗಾರಿನ ಗಾಳಿ ಪಶ್ಚಿಮದಿಂದ, ಚಳಿಗಾಲದ್ದು ಪೂರ್ವದಿಂದ. ಜುಲೈಯಲ್ಲಿ 6 ಐರನ್ (8ಕ್ಕಿಂತ ದೂರ ಹೊಡೆಯುವ ಕ್ಲಬ್) ಬೇಡುವ ಪಶ್ಚಿಮಮುಖದ ಪಾರ್-3ಗೆ (ಮೂರು ಹೊಡೆತದ ಹೋಲ್) ಡಿಸೆಂಬರಿನಲ್ಲಿ 8 ಸಾಕಾಗಬಹುದು. ಹೋಲ್‌ಗಳ ದಿಕ್ಕನ್ನು ಕಂಪಾಸ್ ಹಿಡಿದು ಗುರುತು ಹಾಕುವುದರಿಂದ ಶುರು.