ಕಾಸು ಖರ್ಚಿಲ್ಲದ ಬಹುಮಾನ

ಒಳ್ಳೆಯ ನಡತೆಗೆ ಮಕ್ಕಳಿಗೆ ಏನು ಕೊಡೋದು ಅಂತ ನಮ್ಮ ತೀರ್ಥಹಳ್ಳಿ ಕಡೆ ಹೊಸದಾಗಿ ಬರುವ ಟೀಚರ್‌ಗಳು ಕೇಳುತ್ತಾರೆ. ಚಾಕಲೇಟು, ಪೆನ್ಸಿಲ್ಲು ಬೇಡವೇ ಬೇಡ. ಜವಾಬ್ದಾರಿ ಕೊಡಿ.

ಜಗಳ ಬಿಡಿಸಿದವನಿಗೆ, ಬಿಸಿಯೂಟದ ಹೊತ್ತಲ್ಲಿ ಚಿಕ್ಕವರಿಗೆ ತಟ್ಟೆ ತೊಳೆಯಲು ನೆರವಾದವಳಿಗೆ ಮರುದಿನ ಗಂಟೆ ಹೊಡೆಯುವ ಕೆಲಸ. ತೂಗುಹಾಕಿದ ಕಬ್ಬಿಣದ ತುಂಡಿಗೆ ಹೊಡೆಯುವಾಗ ಆ ಮುಖದ ಗತ್ತು ನೋಡಬೇಕು! ಜೋರು ಮಳೆಗೆ ಆಟ ನಿಂತ ದಿನ ಯಾವ ಕಥೆ ಓದಬೇಕು ಅಂತ ಆರಿಸುವ ಹಕ್ಕೂ ಅಷ್ಟೇ ದೊಡ್ಡದು.

ಆದರೆ ಮೊದಲೇ ಆಸೆ ತೋರಿಸಬೇಡಿ. 1973ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಲೆಪ್ಪರ್, ಗ್ರೀನ್, ನಿಸ್ಬೆಟ್ ಒಂದು ಅಧ್ಯಯನ ಪ್ರಕಟಿಸಿದರು. ಚಿತ್ರ ಬಿಡಿಸೋದು ಇಷ್ಟವಿದ್ದ ಪುಟ್ಟ ಮಕ್ಕಳಿಗೆ ಬಹುಮಾನ ಕೊಡ್ತೀವಿ ಅಂತ ಮುಂಚೆಯೇ ಹೇಳಿ ಅದನ್ನು ಕೊಟ್ಟಾಗ, ಆಮೇಲೆ ಅವರ ಆಸಕ್ತಿಯೇ ಕಡಿಮೆಯಾಯಿತು. ಮುಂಚೆ ಹೇಳದೆ ಕೊಟ್ಟಾಗ ಮಕ್ಕಳಲ್ಲಿ ಹಾಗಾಗಲಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟ ಮನೆಗೆ ಕಳಿಸುವ ಚೀಟಿ. ಸುಮ್ನೆ ‘ಗುಡ್’ ಅಂತಲ್ಲ, ‘ಹೊಸ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಪುಸ್ತಕ ಹಂಚಿಕೊಂಡಳು’ ಅಂತ. ಅಡಿಕೆ ಸುಲಿಯಲು ಹೋಗುವ ಒಬ್ಬ ತಾಯಿ ಅಂಥ ಚೀಟಿಯನ್ನು ರೇಷನ್ ಕಾರ್ಡಿನ ಜೊತೆ ಜೋಪಾನವಾಗಿ ಇಟ್ಟಿದ್ದಾರೆ. ಹಳೇ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆ ಇದ್ದರೆ ಸಾಕು, ನಾಳೆಯೇ ಶುರು ಮಾಡಬಹುದು ಅಲ್ವಾ?